ಸೂಜಿ ಯಾರ ಮನಿದು?

“ಈ ಸೂಜಿ ಯಾರ ಮನಿದು, ಹೇಳ್ರಿ.”

ಗೇಟಿನ ಹೊರಗೆ ನಿಂತವನ ದನಿ ಏರಿರಲಿಲ್ಲ. ಆದರೂ ರಜನಿ ಕುಡಿಯುತ್ತಿದ್ದ ಚಹಾದ ಕಪ್ಪು ಕೆಳಗಿಟ್ಟಳು.

ಅವನ ಹಿಂದೆ ಕಸದ ಗಾಡಿ. ಗಾಡಿಯ ನೆರಳಿನಲ್ಲಿ ಶೇವಂತೆವ್ವ ಕೂತಿದ್ದಳು. ನವನಗರದ ಈ ಓಣಿಗೆ ದಿನಾ ಬೆಳಿಗ್ಗೆ ಬಂದು ಮನೆ ಮನೆಯ ಕಸ ಒಯ್ಯುವ ಹೆಂಗಸು. ಅವಳ ಕೈಗವಸು ಎಂದೋ ಹರಿದಿತ್ತು. ಹೆಬ್ಬೆರಳಿಗೆ ಸೆರಗಿನ ತುದಿ ಸುತ್ತಿಕೊಂಡಿದ್ದಳು.

“ಒಣಕಸದ ಚೀಲ ಎತ್ತೂವಾಗ ನಮ್ಮವ್ವಗ ಚುಚ್ಚೇತಿ,” ಎಂದ ಅವನು. ಹೆಸರು ಶಶಿಕುಮಾರ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತಾಯಿಯ ಫೋನು ಬಂದ ಕೂಡಲೇ ಗೋಪನಕೊಪ್ಪದಿಂದ ಬೈಕಿನಲ್ಲಿ ಓಡಿ ಬಂದಿದ್ದ. “ನಾಕೈದು ಮನಿ ಚೀಲ ಒಂದರ ಮ್ಯಾಲೊಂದು ಇದ್ದುವು. ಯಾರದು ಅಂತ ಗೊತ್ತಾಗವಲ್ದು. ಜಗಳಕ್ಕ ಬಂದಿಲ್ರಿ ನಾನು. ಸೂಜಿ ಮಾಡಿಸ್ಕೊಂಡವರಿಗೆ ಏನರ ಜಡ್ಡು ಐತೇನು, ಅಷ್ಟ ಹೇಳ್ರಿ. ಡಾಕ್ಟರಿಗೆ ಅದು ಬೇಕು.”

ರಜನಿಗೆ ಗೊತ್ತಿತ್ತು. ಆ ಸೂಜಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಚೀಲದೊಳಗೆ ತುರುಕಿದವಳು ಅವಳೇ.

ಅಪ್ಪ ಸಿದ್ದಪ್ಪನಿಗೆ ದಿನವೂ ಇನ್ಸುಲಿನ್ ಬೇಕು. ಅಷ್ಟೇ ಆಗಿದ್ದರೆ ಯಾರ ಮುಂದಾದರೂ ಹೇಳಬಹುದಿತ್ತು. ಸಕ್ಕರೆ ಕಾಯಿಲೆ ಯಾರ ಮನೆಯಲ್ಲಿಲ್ಲ? ಆದರೆ ಅಪ್ಪನ ರಕ್ತದಲ್ಲಿ ಹೆಪಟೈಟಿಸ್ ಬಿ ಇತ್ತು. ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಹತ್ತುವ ಕಾಮಾಲೆ. ಅದು ಆಗಲೇ ಅವನ ಲಿವರ್ ಹಾಳು ಮಾಡಿತ್ತು. ಈ ಮಾತು ಹೊಸ್ತಿಲು ದಾಟಬಾರದೆಂದು ಅವ್ವ ಈರವ್ವ ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದಳು. ಯಾಕೆಂದರೆ ರಜನಿಯ ಮದುವೆ ಅಮ್ಮಿನಬಾವಿಯ ದೊಡ್ಡ ಕಮತದ ಮನೆಗೆ ಗೊತ್ತಾಗಿತ್ತು.

ಈರವ್ವ ಬಾಗಿಲಿಗೆ ಬಂದಳು. “ನಮ್ಮ ಮನ್ಯಾಗ ಯಾರಿಗೂ ಏನೂ ಇಲ್ಲ ತಮ್ಮಾ. ಮುಂದಿನ ಮನಿ ನೋಡು.”

ಅವನ ಕಣ್ಣು ಈರವ್ವನನ್ನು ದಾಟಿ ರಜನಿಯ ಮೇಲೆ ನಿಂತಿತು. “ನೀವು ಹೇಳ್ರಿ.”

ಹೇಳು... ಈಗಲೇ ಹೇಳು...

ಅವಳ ತುಟಿ ಬಿಚ್ಚಲಿಲ್ಲ. ಅವ್ವ ಬಾಗಿಲು ಮುಚ್ಚಿದಳು.

ಮಧ್ಯಾಹ್ನ ಊಟದ ತಾಟಿನ ಮುಂದೆ ಕೂತಳು. ಮನೆಯವರಿಗೆಲ್ಲ ಲಸಿಕೆ ಹಾಕಿದ ದಿನ ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು. ರೋಗಿಯ ಸೂಜಿ ಚುಚ್ಚಿದರೆ ಒಂದು ದಿನದೊಳಗೆ ಬೇರೆ ಇಂಜೆಕ್ಷನ್ ಬೇಕು, ತಡವಾದಷ್ಟೂ ಅಪಾಯ.

ನಮಗೆಲ್ಲ ಲಸಿಕೆ ಆಗಿದೆ. ಅವಳಿಗೆ?

ರಜನಿ ಎದ್ದು ಕೈ ತೊಳೆದಳು. ಅವರು ಸರ್ಕಾರಿ ದೊಡ್ಡಾಸ್ಪತ್ರೆಗೇ ಹೋಗಿರುತ್ತಾರೆಂದು ಅವ್ವನಿಗೆ ಹೇಳದೆ ಆಟೋ ಹತ್ತಿದಳು.

ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ತಾಯಿ ಮಗ ಇನ್ನೂ ಕಾಯುತ್ತಿದ್ದರು. ರಜನಿ ಅವರ ಮುಂದೆ ನಿಂತು ಹೇಳಿಬಿಟ್ಟಳು. ಅಪ್ಪನ ಜಡ್ಡಿನ ಹೆಸರು, ಸೂಜಿ ಸುತ್ತಿದ ತನ್ನ ಕೈ, ಎಲ್ಲ. ಶಶಿಕುಮಾರ ಪೂರ್ತಿ ಕೇಳಲೂ ಇಲ್ಲ, ಡಾಕ್ಟರ ಕೋಣೆಗೆ ಓಡಿದ. ಇಂಜೆಕ್ಷನ್ ಆದ ಮೇಲೆ ಹೊರಗೆ ಬಂದು ಅವಳೆದುರು ನಿಂತ.

“ಮುಂಜಾನೆನ ಗೊತ್ತಿತ್ತಲ್ರಿ ನಿಮಗ?”

“ಗೊತ್ತಿತ್ರಿ... ಅಂಜಿದೆ.”

“ನಮ್ಮವ್ವ ಅಂಜಲಿಲ್ಲೇನು ಮತ್ತ?”

ರಜನಿ ಬೆಂಚಿನ ಕಡೆ ತಿರುಗಿದಳು.

ಶೇವಂತೆವ್ವ ತನ್ನ ಹೆಬ್ಬೆರಳು ನೋಡುತ್ತ ಮೆಲ್ಲಗೆ ಹೇಳಿದಳು, “ನನ್ನ ಮಕ್ಕಳು ಸಣ್ಣಾವಿದ್ದಾಗ ಹಿಂಗ ಆಗಿದ್ರ ನಾ ಏನ್ ಮಾಡ್ತಿದ್ನೆವ್ವಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮಾತನ್ನು ರಜನಿ ಎಷ್ಟೋ ದಿನ ಹೊತ್ತು ತಿರುಗಿದಳು.

ಇಂಜೆಕ್ಷನ್ ಆದರೂ ತಿಂಗಳುಗಟ್ಟಲೆ ರಕ್ತ ತಪಾಸಣೆ ಮಾಡಿಸುತ್ತಿರಬೇಕು, ಆಮೇಲಷ್ಟೇ ಖಾತ್ರಿ ಎಂದಿದ್ದರು ಡಾಕ್ಟರು. ಆ ಕಾಯುವ ದಿನಗಳಲ್ಲೇ ಶಶಿಕುಮಾರ ತಿಂಗಳಿಗೊಂದು ಭಾನುವಾರ ನವನಗರದ ಉದ್ಯಾನದಲ್ಲಿ ಅಪಾಯದ ಕಸದ ಸಂಗ್ರಹ ಶುರು ಮಾಡಿದ. ಒಂದು ಮೇಜಿಗೆ ಒಡೆದ ಟ್ಯೂಬ್‌ಲೈಟು, ಇನ್ನೊಂದಕ್ಕೆ ಹಳೆಯ ಸೆಲ್ಲು, ಫೋನು, ವಾಯರು. ಕೊನೆಯ ಮೇಜಿನ ಮೇಲೆ ಸೂಜಿ ಮತ್ತು ಬ್ಲೇಡುಗಳಿಗೆ ದಪ್ಪ ಮುಚ್ಚಳದ ಡಬ್ಬಿ.

ಮೊದಲ ಭಾನುವಾರವೇ ರಜನಿ ಹೋಗಿ ನಿಂತಳು. “ಸೂಜಿ ಡಬ್ಬಿ ಕಡೆ ನಾ ಕುಂಡರ್ತೇನಿ.”

“ನಿಮ್ಮ ಮನ್ಯಾಗ ಬೈಯೂದಿಲ್ಲೇನು?”

“ಬೈತಾರ.”

ಅವನು ಏನೂ ಅನ್ನದೆ ಕುರ್ಚಿ ಸರಿಸಿ ಕೊಟ್ಟ.

ಮೊದಮೊದಲು ಕೆಲಸದ ಮಾತಷ್ಟೇ. ಆಮೇಲೆ ಚಹಾ ಕುಡಿಯುವಾಗ ಸಾಲೆಯ ಹುಡುಗರ ಮಾತು, ಅವ್ವಂದಿರ ಮಾತು. ಒಮ್ಮೆ ಯಾರೋ ಇಳಿಸಿದ ಟ್ಯೂಬ್‌ಲೈಟು ಚೂರಾಯಿತು. ರಜನಿ ಆರಿಸಲು ಬಾಗಿದಳು. ಅವನು ತಟ್ಟನೆ ಅವಳ ಮಣಿಕಟ್ಟು ಹಿಡಿದ.

“ಬರೇಗೈಲೆ ಬ್ಯಾಡ್ರಿ.”

ಹಿಡಿದ ಕೈ ಬಿಡಲು ಅವನಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಯಿತು. ಇಬ್ಬರಿಗೂ ಅದು ಗೊತ್ತಾಯಿತು. ಇಬ್ಬರೂ ಬೇರೆ ಕಡೆ ನೋಡಿದರು.

ಇದೇನಾಗ್ತಿದೆ ನನಗೆ... ನನ್ನ ಮದುವೆ ಬೇರೆಯವರ ಜೊತೆ ಗೊತ್ತಾಗಿದೆಯಲ್ಲ...

ಆ ಮದುವೆ ಮುರಿಯಿತು. ಅಮ್ಮಿನಬಾವಿಯವರಿಗೆ ಸಿದ್ದಪ್ಪನ ಜಡ್ಡಿನ ಸುದ್ದಿ ಮುಟ್ಟಿತ್ತು. ಓಣಿಗೂ ಹಬ್ಬಿತು.

“ಆ ಮಾಸ್ತರನ ಹೇಳ್ಯಾನ,” ಎಂದು ಈರವ್ವ ಹಣೆ ಬಡಿದುಕೊಂಡಳು. “ನೀ ದವಾಖಾನ್ಯಾಗ ಹೇಳಿದ್ದು ಮತ್ಯಾರಿಗೆ ಗೊತ್ತಿತ್ತು? ಸೇಡು ತೀರಿಸ್ಕೊಂಡ.”

ಮುಂದಿನ ಸಂಗ್ರಹದ ಭಾನುವಾರ ರಜನಿ ನೇರವಾಗಿ ಅವನ ಮುಂದೆ ಹೋದಳು. “ಮದುವಿ ಮುರೀತ್ರಿ. ನಿಮ್ಮ ಸಿಟ್ಟು ಈಗರ ತೀರ್ತೇನು?”

ಶಶಿಕುಮಾರನ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ, ತಲೆ ತಗ್ಗಿಸಿ ಬೇರೆ ಮೇಜಿನ ಕಡೆ ನಡೆದುಬಿಟ್ಟ.

ಅಂದರೆ ಖರೇ...

ಅಂದಿನಿಂದ ಅವಳು ಉದ್ಯಾನಕ್ಕೆ ಹೋಗಲಿಲ್ಲ. ಮುರಿದ ಮದುವೆಗೆ ಅವಳಿಗೆ ಅಳು ಬಂದಿರಲಿಲ್ಲ. ಅವನು ಹೀಗೆ ಮಾಡಿದನಲ್ಲ ಎಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದಪ್ಪನ ಹೊಟ್ಟೆ ಉಬ್ಬಿತ್ತು, ಕಣ್ಣು ಅರಿಶಿನವಾಗಿತ್ತು. ಒಂದು ಸಂಜೆ ಮಗಳನ್ನು ಹತ್ತಿರ ಕರೆದ.

“ಉದ್ಯಾನಕ್ಕ ಹೋಗೂದು ಯಾಕ ಬಿಟ್ಟಿ?”

ಅವಳು ಹೇಳಿದಳು.

ಸಿದ್ದಪ್ಪ ದಿಂಬಿಗೆ ಒರಗಿದ. “ಅಮ್ಮಿನಬಾವಿಗೆ ಫೋನ್ ಮಾಡಿದ್ದು ನಾನವ್ವ. ಆ ಹೆಣ್ಮಗಳಿಗೆ ಚುಚ್ಚಿದ ದಿನಾ ಒಳಗ ಮಲಕೊಂಡು ಎಲ್ಲಾ ಕೇಳಿದ್ದೆ. ನಾನೂ ಬಾಯಿ ಬಿಡಲಿಲ್ಲ. ಇನ್ನೊಂದು ಮನಿಗೂ ಅದ ಸುಳ್ಳು ಕಟ್ಟಿ ನಿನ್ನ ಕಳಸೂದು ನನ್ನ ಕೈಲೆ ಆಗಲಿಲ್ಲ.”

ರಜನಿ ಅವನ ಕಾಲ ಬಳಿ ಕೂತಳು.

ಆ ವಾರ ಮುಗಿಯುವುದರೊಳಗೆ ಸಿದ್ದಪ್ಪ ತೀರಿಕೊಂಡ.

ಬಂಧುಗಳು ಬಂದರು, ಅಂಗಳದಲ್ಲೇ ನಿಂತರು. ಮೂಗಿಗೆ ಕರವಸ್ತ್ರ. ಹೆಣಕ್ಕೆ ಸ್ನಾನ ಮಾಡಿಸಿ ಪದ್ಧತಿಯಂತೆ ಕೂರಿಸಬೇಕು, ಎತ್ತುವವರು ಯಾರು? ನೀ ಹೋಗು, ನೀ ಹೋಗು ಎನ್ನುತ್ತ ಹೊತ್ತು ಏರಿತು.

ಆಗ ಶಶಿಕುಮಾರ ತಾಯಿಯೊಡನೆ ಬಂದ. ಕೈಗವಸು ಏರಿಸಿಕೊಂಡು ಒಳಗೆ ನಡೆದವನನ್ನು ಸಂಬಂಧಿಕನೊಬ್ಬ ತಡೆದ. “ನೀ ಮುಟ್ಟಬ್ಯಾಡಪಾ. ನಿಮ್ಮ ಮಂದಿ ಬ್ಯಾರೆ, ನಮ್ಮ ಪದ್ಧತಿ ಬ್ಯಾರೆ.”

ಮೂಲೆಯಿಂದ ಈರವ್ವನ ಒಡಕು ದನಿ ಬಂತು. “ಬಿಡ್ರಿ ಅವನ್ನ. ನೀವು ಯಾರೂ ಒಳಗ ಬರವಲ್ರಿ.”

ಅವನು ಸಿದ್ದಪ್ಪನ ಹೆಗಲಿಗೆ ಕೈ ಕೊಟ್ಟ. ರಜನಿ ಕಾಲು ಹಿಡಿದಳು. ಶೇವಂತೆವ್ವ ಹೋಗಿ ಈರವ್ವನ ಪಕ್ಕದಲ್ಲಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದಿನಕರ್ಮ ಮುಗಿದ ಮೇಲೆ ರಜನಿ ಗೋಪನಕೊಪ್ಪಕ್ಕೆ ಹೋದಳು. ಶಶಿಕುಮಾರ ಮನೆಯ ಮುಂದೆ ಕೂತು ಸಂಗ್ರಹದ ಬುಟ್ಟಿಗಳನ್ನು ತೊಳೆಯುತ್ತಿದ್ದ.

“ನಿಮ್ಮ ಮ್ಯಾಲ ಸುಳ್ಳ ಹೊರಿಸಿದೆ,” ಎಂದಳು. “ಅಪ್ಪನ ಹೇಳಿದ್ದ ಅವರಿಗೆ. ನೀವು ಅಲ್ಲ ಅಂತ ಒಂದು ಮಾತು ಯಾಕ ಅನಲಿಲ್ರಿ?”

ಅವನು ಒದ್ದೆ ಕೈ ಒರೆಸಿಕೊಂಡ. “ಅನ್ನಾಕ ಹೋಗಿದ್ದೆ. ಆದ್ರ ಮದುವಿ ಮುರೀತು ಅಂದ ಕೂಡ್ಲೆ ನನಗ ಒಳಗ ಖುಷಿ ಆತು. ನೀವು ನೊಂದು ಬಂದಿದ್ರಿ, ನನಗ ಖುಷಿ... ನಾಚಿಕಿ ಬಂತು. ಮಾತು ಹೊರಡಲಿಲ್ಲ.”

ರಜನಿ ಮೆಟ್ಟಿಲ ಮೇಲೆ ಕೂತಳು.

“ನಿಮ್ಮವ್ವನ ರಿಪೋರ್ಟು?”

“ಕಡೀದು ನಿನ್ನೆ ಬಂತು. ರಕ್ತದಾಗ ಏನೂ ಇಲ್ಲ. ಆದ್ರೂ ನಮ್ಮಕ್ಕನ ಮಗಳನ್ನ ಇನ್ನೂ ತೊಡಿ ಮ್ಯಾಲ ಕುಂಡರಿಸ್ಕೊಳ್ಳೂದಿಲ್ಲ. ಎಷ್ಟ ಹೇಳಿದ್ರೂ ಕೇಳವಲ್ಲಳು.”

ಒಳಗೆ ಶೇವಂತೆವ್ವ ಪಾತ್ರೆ ಇಡುವ ಸದ್ದು ಕೇಳಿತು.

“ರಜನಿ, ಖರೇ ಹೇಳ್ತೇನಿ,” ಎಂದ ಅವನು. “ಅವತ್ತು ನೀವು ಸುಮ್ಮನ ನಿಂತದ್ದು ನನಗ ಮರೀವಲ್ದು. ಮುಂದರ ಮರೀತೇನೋ ಇಲ್ಲೋ ಗೊತ್ತಿಲ್ಲ. ಆದ್ರ ನೀವು ಬರಲಾರದ ರವಿವಾರ ನನಗ ಸೇರೂದಿಲ್ಲ. ನೀವು ಬೇಕು ನನಗ.”

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ನನಗೂ ನೀವ ಬೇಕ್ರಿ. ನಮ್ಮವ್ವ ಲಗೂ ಒಪ್ಪೂದಿಲ್ಲ. ಮಂದಿನೂ ಬಿಡೂದಿಲ್ಲ.”

“ಗೊತ್ತೈತಿ.”

“ಮತ್ತ... ಅದನ್ನ ಮರಿಬ್ಯಾಡ್ರಿ. ನಾನೂ ಮರಿಯೂದಿಲ್ಲ. ನೆನಪಾದ ದಿನಾ ಎದ್ದು ದೂರ ಮಾತ್ರ ಹೋಗಬ್ಯಾಡ್ರಿ.”

“ಏನ್ ಮಾಡ್ಲಿ ಆ ದಿನಾ?”

“ಬೈರಿ. ಬೈದು, ಬಾಜೂಕ ಕುಂಡರ್ರಿ.”

ಅವನು ಬುಟ್ಟಿ ಬದಿಗಿಟ್ಟು ಅವಳ ಪಕ್ಕದ ಮೆಟ್ಟಿಲಿಗೆ ಬಂದ.

“ಕುಂಡರ್ತೇನಿ,” ಎಂದ.