ನೂಲು ಸುತ್ತಿದ ಬನ್ನಿ

ಬಾಯ್ಲರಿನ ಬಾಗಿಲು ತೆರೆಯಿತು.

ಬೆಂಕಿಯ ಝಳ ಮುಖಕ್ಕೆ ಬಡಿಯಿತು. ನನ್ನ ಹುಬ್ಬು ಸುಟ್ಟ ವಾಸನೆ ನನ್ನ ಮೂಗಿಗೇ ಬಂತು!

"ಇನ್ನೊಂದ ಗೇಣು ಒಳಗ ಹಾಕಲೇನು?" ಎಂದ ಕಲ್ಮೇಶ.

"ಬ್ಯಾಡಪಾ... ಥಂಡಿ ಹೋತು. ಇಷ್ಟ ಸಾಕು."

ಬೆನ್ನಿಗೆ ಒಂದು ಗುದ್ದು ಬಿತ್ತು. ಕಲ್ಮೇಶನ ಕೈ ನನ್ನ ಕುತ್ತಿಗೆಯ ಮೇಲಿತ್ತು. ವರ್ಷಗಟ್ಟಲೆ ಕಬ್ಬು ಕಡಿದು, ಹೊರೆ ಹೊತ್ತು ಗಟ್ಟಿಯಾದ ಕೈ. ಇನ್ನಿಬ್ಬರು ನನ್ನ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದಿದ್ದರು.

"ಫೋನ್ ಎಲ್ಲೈತಿ?"

"ಕಿಸೇದಾಗ. ಕೈ ಬಿಟ್ರ ಕೊಡ್ತೀನಿ."

ಕೈ ಬಿಡುವಷ್ಟು ದಡ್ಡನಲ್ಲ. ತಾನೇ ತೆಗೆದ. ತಿರುಗಿಸಿ ಮುರುಗಿಸಿ ನೋಡಿದ. ಸೀದಾ ಬೆಂಕಿಗೆ ಎಸೆದ!

ನಾನು ಬೆಳಗ್ಗೆ ತೆಗೆದ ಫೋಟೋಗಳೆಲ್ಲ ಅದರಲ್ಲಿದ್ದವು. ನನ್ನ ಬಳಿ ಇದ್ದ ಸಾಕ್ಷಿ ಅಷ್ಟೇ. ಅವಸರದಲ್ಲಿ ಯಾರಿಗೂ ಕಳಿಸಿರಲಿಲ್ಲ. ಬೈದುಕೊಳ್ಳಿ, ಪರವಾಗಿಲ್ಲ. ನಾನೂ ಬೈದುಕೊಂಡೆ.

ನಾನು ಕಪಿಲ. ತೇರದಾಳದವನು. ಇರುವೆ ಕಂಡರೆ ಸುತ್ತುಹಾಕಿ ನಡೆಯುವ ಜೈನರ ಮನೆತನ ನಮ್ಮದು. ನಾನೂ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆದರೆ ಹೊಡೆದವನಿಗೆ ತಿರುಗಿಸಿ ಕೊಡದೇ ಇರುವುದು ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನ ಬಂದವರು ನನ್ನನ್ನು ಕರೆಯುತ್ತಾರೆ. ಯಾರು ಎಂದು ಹುಡುಕಿ ಕೊಡುತ್ತೇನೆ.

ಈ ಸಲ ಕರೆದವಳು ಸಿದ್ಧಿ. ಜಮಖಂಡಿಯಲ್ಲಿ ಒಂದು ಟ್ರಸ್ಟಿನ ಆಫೀಸು ನಡೆಸುವವಳು. ಟ್ರಸ್ಟಿನ ಕೆಲಸ ಕೇಳಿದರೆ ನಗು ಬರುತ್ತದೆ. ಮರ ಕಡಿಯದೇ ಇದ್ದವರಿಗೆ ದುಡ್ಡು ಕೊಡುವುದು!

ನಗಬೇಡಿ, ಲೆಕ್ಕ ಸರಿಯಾಗಿಯೇ ಇದೆ. ಬೀಳಗಿ ಕಡೆ ಹೊನ್ನರಗುಡ್ಡ ಎಂಬ ಊರು. ಊರಿನ ಬೆನ್ನಿಗೆ ಗುಡ್ಡ. ಗುಡ್ಡದ ತುಂಬ ಬನ್ನಿ, ಬೇವು, ಕಮರ. ಮೊದಲು ಅದನ್ನೇ ಕಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಮರ ನಿಂತರೆ ಮಣ್ಣು ನಿಲ್ಲುತ್ತದೆ. ಕೆಳಗಿನ ಬಾವಿಗಳಲ್ಲಿ ನೀರು ನಿಲ್ಲುತ್ತದೆ. ಊರೂರಿನ ಚಿಮಣಿಗಳು ಉಗುಳಿದ್ದನ್ನು ಮರ ಸುಮ್ಮನೆ ನುಂಗುತ್ತದೆ. ಇದರ ಲಾಭ ಉಣ್ಣುವವರು ಬೇರೆ, ಕೊಡಲಿ ಕೆಳಗಿಟ್ಟು ಉಪವಾಸ ಬೀಳುವವರು ಬೇರೆ. ಅದಕ್ಕೇ ಉಣ್ಣುವವರಿಂದ ಟ್ರಸ್ಟು ದುಡ್ಡು ಎತ್ತುತ್ತದೆ, ಕಾಯುವವರಿಗೆ ಕೊಡುತ್ತದೆ. ಮರಕ್ಕೆ ಕೊಡಲಿ ಬಿದ್ದರೆ ದುಡ್ಡು ಬಂದ್!

ಗುಡ್ಡದ ಪಡುವಣ ಬದಿ ಕಾಯುವ ಹೆಂಗಸರ ಮುಂದಾಳು ತಾರವ್ವ. ಆ ಬದಿಯಲ್ಲೇ ಬನ್ನಿ ಮರಗಳು ಮಾಯವಾಗತೊಡಗಿದವು. ಊರ ಕಮಿಟಿಯ ಚೇರಮನ್ ಗಿರಿಮಲ್ಲಪ್ಪ ಟ್ರಸ್ಟಿಗೆ ಸುದ್ದಿ ಮುಟ್ಟಿಸಿದ. ತಾರವ್ವನೇ ಕದ್ದು ಮಾರುತ್ತಿದ್ದಾಳೆ ಎಂದ.

ನಾನು ಹೋಗಿ ನೋಡಿ ಹೌದು ಎಂದರೆ ತಾರವ್ವನ ಕೈಗೆ ಬೇಡಿ. ಆ ಬದಿಯ ಕಾವಲು ಗಿರಿಮಲ್ಲಪ್ಪನ ಕೈಗೆ. ಇಷ್ಟೇ ಕೆಲಸ.

ಬೆಳಗ್ಗೆ ಗುಡ್ಡ ಹತ್ತಿದಾಗ ತಾರವ್ವ ನನ್ನನ್ನು ಕಲ್ಲಿನಿಂದ ಸ್ವಾಗತಿಸಿದಳು. ಕಲ್ಲು ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹೋಯಿತು!

"ಮುಂದ ಬಂದ್ರ ತಲೀಗೆ ಬೀಳತೈತಿ!"

"ನಾ ಟ್ರಸ್ಟಿನಾಂವ ಬೇ!"

"ಗೊತ್ತೈತಿ. ಅದಕ್ಕ ಒಗದೀನಿ!"

ಐವತ್ತು ದಾಟಿದ ಗಟ್ಟಿ ಹೆಂಗಸು. ಇನ್ನೊಂದು ಕಲ್ಲು ಕೈಯಲ್ಲೇ ಇತ್ತು. ಅದನ್ನು ಕೆಳಗಿಡದೇ ಗುಡ್ಡ ತೋರಿಸಿದಳು.

ತಾರವ್ವನ ತವರು ರಬಕವಿ. ನೇಕಾರರ ಮನೆ. ಹೊನ್ನರಗುಡ್ಡದ ಪ್ರತಿ ಹೆಂಗಸೂ ತಾನು ಕಾಯುವ ಮರಕ್ಕೆ ಅರಿಷಿಣದ ನೂಲು ಸುತ್ತಿ ಗಂಟು ಹಾಕುವ ಪದ್ಧತಿ ಹಾಕಿದವಳು ಅವಳೇ. ನೂಲು ಸುತ್ತಿದ ಬನ್ನಿ ಎಂದರೆ ದೇವಿಗೆ ಬಿಟ್ಟ ಬನ್ನಿ. ನೂಲಿನ ಮೇಲೆ ಕೊಡಲಿ ಹಾಕುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಆದರೂ ಮರ ಹೋಗಿದ್ದವು. ಬೋಳು ಬುಡಗಳು ಉಳಿದಿದ್ದವು. ಸುತ್ತ ಒಂದೇ ಒಂದು ಹರಿದ ನೂಲು ಇರಲಿಲ್ಲ. ತಲೆ ಎತ್ತಿ ಉಳಿದ ಮರಗಳನ್ನು ನೋಡಿದೆ.

ನೂಲೋ ನೂಲು! ಒಂದೊಂದರ ಮೈಗೆ ನಾಲ್ಕೈದು ಮನೆಯ ನೂಲು!

ಕಳ್ಳನಿಗೂ ದೇವಿಯ ಭಯ. ಕಡಿಯುವ ಮರದ ನೂಲು ಬಿಚ್ಚಿ, ನೆಲಕ್ಕೆ ಹಾಕದೆ, ಪಕ್ಕದ ಮರಕ್ಕೆ ಸುತ್ತಿದ್ದ. ಆದರೆ ಗಂಟು ಹಾಕಿರಲಿಲ್ಲ. ಎರಡು ಸಲ ಹುರಿ ತಿರುವಿ, ತುದಿಯನ್ನು ಒಳಗೆ ಸಿಕ್ಕಿಸಿದ್ದ.

ನಾನು ಕಬ್ಬಿನ ಸೀಮೆಯವನು. ಕಬ್ಬು ಕಡಿಯುವ ಗ್ಯಾಂಗಿನವರು ಸೋಗೆಯಿಂದ ಹೊರೆ ಕಟ್ಟುವುದು ಹೀಗೇ. ನೇಕಾರರ ಮಗಳು ಸತ್ತರೂ ನೂಲಿನ ತುದಿಯನ್ನು ಹಾಗೆ ಬಿಡುವುದಿಲ್ಲ. ಮತ್ತು ಆ ಊರಿನಲ್ಲಿ ಕಬ್ಬಿನ ಗ್ಯಾಂಗು ಇದ್ದದ್ದು ಒಬ್ಬನದೇ. ಗಿರಿಮಲ್ಲಪ್ಪನದು!

ಫೋಟೋ ತೆಗೆದೆ. ಅಷ್ಟರಲ್ಲಿ ಗುಡ್ಡದ ಹಿಂದೆ ಲಾರಿ ಸ್ಟಾರ್ಟ್ ಆದ ಸದ್ದು. ಬೈಕು ಹತ್ತಿ ಹಿಂದೆ ಬಿದ್ದೆ. ಬನಹಟ್ಟಿಯವರೆಗೂ ಬಿಡಲಿಲ್ಲ. ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡಿನಲ್ಲಿ ಕಟ್ಟಿಗೆ ಇಳಿಯಿತು. ಬಾಯ್ಲರಿಗೆ ತಾರವ್ವನ ಬನ್ನಿ! ಹತ್ತಿರ ಹೋಗಿ ನೋಡಿದೆ. ಗಿರಿಮಲ್ಲಪ್ಪನ ಗ್ಯಾಂಗಿನ ಕಲ್ಮೇಶನ ಕೈಗೆ ಸಿಕ್ಕಿಬಿದ್ದೆ.

ಈಗ ಹುಬ್ಬು ಸುಟ್ಟದ್ದು ಯಾಕೆ ಎಂದು ತಿಳಿಯಿತಲ್ಲ?

"ಕಲ್ಮೇಶ," ಎಂದೆ. "ನಿನ್ನ ಲುಂಗಿಗೆ ಕಿಡಿ ಹಾರೇತಿ ನೋಡು."

ಅವನು ಉಟ್ಟದ್ದು ಲುಂಗಿಯೇ ಅಲ್ಲ, ಪ್ಯಾಂಟು! ಆದರೂ ಬಗ್ಗಿ ನೋಡಿದ.

ಅಷ್ಟು ಸಾಕಾಯಿತು. ತಲೆಯನ್ನು ಹಿಂದಕ್ಕೆ ಬೀಸಿದೆ. ಅವನ ಮೂಗು ಚಟ್ ಎಂದಿತು. ಎರಡೂ ಕಾಲು ಎತ್ತಿ ಬಾಯ್ಲರಿನ ಕಟ್ಟೆಗೆ ಕೊಟ್ಟು ಜೋರಾಗಿ ಒದ್ದೆ. ನಾಲ್ವರೂ ಹಿಂದಿದ್ದ ಬಣ್ಣದ ತೊಟ್ಟಿಗೆ ಬಿದ್ದೆವು! ಪುಣ್ಯಕ್ಕೆ ತಣ್ಣಗಾದ ಬಣ್ಣ. ಕುದಿಯುವ ತೊಟ್ಟಿ ಪಕ್ಕದಲ್ಲೇ ಇತ್ತು.

ಮೊದಲು ಎದ್ದವನು ನಾನು. ಓಡಿದೆ.

ಬನಹಟ್ಟಿಯ ಓಣಿ. ಎರಡೂ ಬದಿ ಪವರ್‌ಲೂಮು. ಖಟಖಟ ಖಟಖಟ... ಯಾರನ್ನಾದರೂ ಕೊಂದರೂ ಪಕ್ಕದ ಮನೆಗೆ ಕೇಳುವುದಿಲ್ಲ. ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿ ನನ್ನನ್ನು ನೋಡಿ ಬಾಯಿ ತೆರೆದಳು.

"ಅಯ್ಯ ಶಿವನ! ಹೋಳಿ ಹುಣ್ಣಿಮಿ ಇನ್ನೂ ದೂರ ಐತಲ್ಲೋ!"

ಅಡಿಯಿಂದ ಮುಡಿಯವರೆಗೆ ಗುಲಾಬಿಯಾಗಿದ್ದೆ!

ಬೈಕು ಸಿಕ್ಕಿತು. ಜಮಖಂಡಿಯ ದಾರಿಗೆ ಅವರ ಜೀಪು ಅಡ್ಡ ನಿಂತಿತ್ತು. ಮುಧೋಳದ ಕಡೆ ತಿರುಗಿಸಿದೆ. ಜೀಪು ಹಿಂದೆಯೇ ಬಂತು. ಮುಧೋಳ ದಾಟಿತು. ಲೋಕಾಪುರದಿಂದ ಬೀಳಗಿ ದಾರಿ ಹಿಡಿದು ಗುಡ್ಡ ಮುಟ್ಟಿದರೆ ಸಾಕು ಎಂದುಕೊಂಡಿದ್ದೆ.

ಲೋಕಾಪುರದ ಕ್ರಾಸಿನಲ್ಲಿ ಎರಡು ಕಬ್ಬಿನ ಟ್ರ್ಯಾಕ್ಟರು ರಸ್ತೆಗೆ ಅಡ್ಡ ನಿಂತಿದ್ದವು. ಒಂದೊಂದಕ್ಕೆ ಎರಡೆರಡು ಟ್ರೇಲರು. ಅವುಗಳ ನಡುವೆ ಬಿಳಿ ಕಾರು. ಹಿಂದಿನ ಬಾಗಿಲು ತೆರೆದಿತ್ತು.

"ಬರ್ರಿ ಕಪಿಲ ಅವರ," ಎಂದ ಗಿರಿಮಲ್ಲಪ್ಪ. "ಸೀಟಿಗೆ ಬಣ್ಣ ಹತ್ತೀತು. ಪೇಪರ ಹಾಸ್ಕೊಂಡು ಕೂಡ್ರಿ."

ಬಿಳಿ ಅಂಗಿ, ಬಿಳಿ ಮೀಸೆ. ಪಕ್ಕದಲ್ಲಿ ಮುಧೋಳ ನಾಯಿ. ನಾಯಿ ನನ್ನನ್ನು ಮೂಸಿ, ಬೇಸರದಿಂದ ಮುಖ ತಿರುಗಿಸಿತು.

"ನಾಯಿ ಛಲೋ ಐತ್ರಿ."

"ಹೇಳಿದ್ದ ಕೇಳತೈತಿ. ನೀವೂ ಕೇಳ್ರಿ. ತಾರವ್ವನೇ ಕಡದಾಳ ಅಂತ ಹೇಳ್ರಿ, ಆತು. ನಿಮಗೂ ಮರ್ಯಾದಿ ಮಾಡ್ತೀವಿ."

"ಇಲ್ಲಾಂದ್ರ?"

"ಕಬ್ಬಿನ ಟ್ರ್ಯಾಕ್ಟರ್ ಹಾಯ್ದು ಬೈಕಿನಾಂವ ಸತ್ತ ಅಂತ ಪೇಪರಿನ್ಯಾಗ ಬರತೈತಿ. ಸೀಜನ್ನಿನ್ಯಾಗ ದಿನಾ ಬರೂ ಸುದ್ದಿ. ಯಾರೂ ಪೂರ್ತಿ ಓದೂದಿಲ್ಲ."

ನನ್ನಷ್ಟೇ ಗುಲಾಬಿಯಾಗಿ ಜೀಪಿನಿಂದ ಇಳಿದ ಕಲ್ಮೇಶ, ಮೂಗಿಗೆ ಹತ್ತಿ ತುರುಕಿಕೊಂಡು, ಮುಂದಿನ ಟ್ರ್ಯಾಕ್ಟರಿನ ಸ್ಟೀರಿಂಗ್ ಹಿಂದೆ ಹತ್ತಿ ಕೂತ. ಇಂಜಿನ್ ರೇಸ್ ಮಾಡಿದ.

ಹೆದರಿಕೆಯಾಯಿತು. ಯಾಕೆ ಸುಳ್ಳು ಹೇಳಲಿ? ಆಮೇಲೆ ಸಿಟ್ಟು ಬಂತು. ಫೋನು ಬೂದಿ. ಫೋಟೋ ಬೂದಿ. ನಾನು ಗುಡ್ಡ ಮುಟ್ಟುವಷ್ಟರಲ್ಲಿ ಇವರು ಮರದ ಮೇಲಿನ ನೂಲನ್ನೂ ಬಿಚ್ಚಿಹಾಕಬಹುದು. ಹಾಗಾದರೆ ತಾರವ್ವನ ಪರ ಸಾಕ್ಷಿ ಹೇಳಲು ಉಳಿದವನು ಒಬ್ಬನೇ.

ಕಳ್ಳ!

"ಹೇಳ್ತೀನ್ರಿ," ಎಂದೆ. "ಆದ್ರ ಗುಡ್ಡದ ಮ್ಯಾಲ. ಸಿದ್ಧಿ ಮೇಡಮ್ಮರ ಮುಂದ, ಊರಿನವರ ಮುಂದ. ಮೂಲ್ಯಾಗ ಹೇಳಿದ್ರ ಟ್ರಸ್ಟಿನವ್ರು ನಂಬಂಗಿಲ್ಲ, ಇನ್ನೊಬ್ಬನ್ನ ಕಳಸ್ತಾರ."

ಗಿರಿಮಲ್ಲಪ್ಪ ಮೀಸೆಯಲ್ಲೇ ನಕ್ಕ.

"ಶಾಣ್ಯಾ ಅದೀರಿ."

ಸಂಜೆಯಾಗುವ ಮೊದಲೇ ಊರು ಗುಡ್ಡದ ಮೇಲಿತ್ತು. ಸಿದ್ಧಿ ಜಮಖಂಡಿಯಿಂದ ಬಂದಳು. ನನ್ನ ಬಣ್ಣ ನೋಡಿ ಗಾಬರಿಯಾದಳು. ಕಲ್ಮೇಶ ನನ್ನ ಬೆನ್ನಿಗೆ ಅಂಟಿಕೊಂಡೇ ನಿಂತಿದ್ದ.

"ನೋಡ್ರಿ ಮೇಡಮ್," ಎಂದೆ ಗಟ್ಟಿಯಾಗಿ. "ತಾರವ್ವನ ಮ್ಯಾಲ ಚೇರಮನ್ನರು ಹೇಳಿದ್ದು ಖರೆ ಅನಸ್ತೈತಿ."

ತಾರವ್ವ ಮುಂದೆ ಬಂದಳು. ನನ್ನ ಕಾಲ ಬಳಿ ಉಗುಳಿದಳು.

"ಥೂ ನಿನ್ನ! ಎಷ್ಟಕ್ಕ ಮಾರಕೊಂಡಿ? ನನ್ನ ಸೊಸಿ ಬಸರಿ ಇದ್ದಾಗೂ ಈ ಗುಡ್ಡಾ ಕಾದಾಳಲೇ! ನಮ್ಮನ್ನ ಕಳ್ಳರು ಅಂತೀಯೇನೋ ಹಾಟ್ಯಾ?"

ಬಾಯ್ಲರಿನ ಬೆಂಕಿಯೇ ವಾಸಿ ಎನಿಸಿತು. ಅವಳ ಮುಖ ನೋಡದೆ ಮುಂದುವರಿಸಿದೆ.

"ಒಂದ ಕೆಲಸ ಬಾಕಿ ಐತ್ರಿ. ತಾರವ್ವನ ಮನೀ ಕೊಡಲಿ ತರಸ್ರಿ. ಅದರಲೇ ಒಂದ ಬನ್ನಿಗೆ ಏಟು ಹಾಕ್ರಿ. ಹಳೀ ಬುಡದ ಏಟಿಗೂ ಈ ಏಟಿಗೂ ತಾಳೆ ನೋಡಿ ರಿಪೋರ್ಟ್ ಕೊಡ್ತೀನಿ. ಕೋರ್ಟಿನ್ಯಾಗ ಗಟ್ಟಿ ನಿಂದರತೈತಿ."

ಗಿರಿಮಲ್ಲಪ್ಪನ ಕಣ್ಣು ಅರಳಿತು. ಕೋರ್ಟು ಎಂಬ ಶಬ್ದ ಅವನಿಗೆ ಸಿಹಿ ತಿಂದಷ್ಟು ರುಚಿಸಿತು.

"ಹೌದ್ರಿ ಹೌದು! ಕಲ್ಮ್ಯಾ, ಹಾಕಲೇ ಏಟು!"

ಸಿದ್ಧಿ ಬೇಡ ಎನ್ನಲು ಬಾಯಿ ತೆರೆದಳು. "ಮೊಬೈಲಿನ್ಯಾಗ ವಿಡಿಯೋ ಹಿಡೀರಿ ಮೇಡಮ್. ಸಾಕ್ಷಿ ಬೇಕಲ್ಲ?" ಎಂದೆ. ನನ್ನ ಕಣ್ಣು ನೋಡಿದಳು. ಹಿಡಿದಳು.

ತಾರವ್ವನ ಮನೆಯಿಂದ ಕೊಡಲಿ ಬಂತು. ಕಲ್ಮೇಶ ಅದನ್ನು ಹೆಗಲ ಮೇಲಿಟ್ಟುಕೊಂಡು ಹತ್ತಿರದ ಬನ್ನಿಗೆ ಹೋದ.

ನಿಂತ.

ಮರದ ಮೈಮೇಲೆ ಅರಿಷಿಣದ ನೂಲು.

ಕೊಡಲಿ ಕೆಳಗಿಟ್ಟ. ಚಪ್ಪಲಿ ಬಿಟ್ಟ. ಯಾರೂ ಹೇಳಲಿಲ್ಲ, ಕೈ ತಾನೇ ಹೋಯಿತು. ಗಂಟು ಬಿಚ್ಚಿ, ನೂಲನ್ನು ಸುತ್ತು ಸುತ್ತಾಗಿ ತೆಗೆದ. ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಹಣೆಗೆ ಮುಟ್ಟಿಸಿಕೊಂಡ. ಪಕ್ಕದ ಮರಕ್ಕೆ ಹೋದ. ಸುತ್ತಿದ. ಎರಡು ಸಲ ಹುರಿ ತಿರುವಿ, ತುದಿಯನ್ನು ಒಳಗೆ ಸಿಕ್ಕಿಸಿದ.

ಕೊಡಲಿ ಎತ್ತಿಕೊಳ್ಳಲು ಬಗ್ಗಿದ.

"ನಿಲ್ಲಲೇ ಕಲ್ಮ್ಯಾ!"

ತಾರವ್ವ!

ಅವಳು ಪಕ್ಕದ ಮರದ ಬಳಿ ಬಂದಳು. ಕಲ್ಮೇಶ ಸಿಕ್ಕಿಸಿದ ತುದಿಯನ್ನು ಎಳೆದಳು. ಸರಕ್ಕನೆ ಬಿಚ್ಚಿತು. ಅದರ ಕೆಳಗಿನ ನೂಲು ಎಳೆದಳು. ಅದೂ ಸರಕ್ಕನೆ ಬಿಚ್ಚಿತು. ಇನ್ನೊಂದು. ಮತ್ತೊಂದು! ಕೊನೆಗೆ ಎಲ್ಲಕ್ಕಿಂತ ಕೆಳಗಿದ್ದ ನೂಲು ಹಿಡಿದು ಜಗ್ಗಿದಳು. ಅದು ಜಪ್ಪಯ್ಯ ಎನ್ನಲಿಲ್ಲ.

"ಇದು ನಾ ಕಟ್ಟಿದ್ದು," ಎಂದಳು. ಉಳಿದ ನೂಲುಗಳನ್ನು ಅವನ ಮುಖದ ಮುಂದೆ ಹಿಡಿದಳು. "ಇವೆಲ್ಲಾ ಯಾರ ಕಟ್ಟಿದ್ದೋ ಭಾಡ್ಯಾ?"

ಕಲ್ಮೇಶ ತನ್ನ ಕೈಗಳನ್ನೇ ನೋಡಿಕೊಂಡ.

"ನಾ ಒಬ್ಬನ ಅಲ್ಲಬೇ... ಚೇರಮನ್ನರು ಹೇಳಿದ್ರು! ತಾಯಿ ಆಣಿ! ನೂಲಿಗೆ ಕೊಡಲಿ ಹಚ್ಚಿಲ್ಲ, ಬಿಚ್ಚಿ ಇಟ್ಟ ಕಡದೀವಿ!"

"ಬಾಯಿ ಮುಚ್ಚಲೇ ಹಲ್ಕಟ್!" ಗಿರಿಮಲ್ಲಪ್ಪ ಅವನ ಕಪಾಳಕ್ಕೆ ಬಾರಿಸಿದ.

ಬಾರಿಸಿದ್ದೂ ಸಿದ್ಧಿಯ ವಿಡಿಯೋದಲ್ಲಿ ಬಂತು.

ಆಮೇಲೆ ಗಿರಿಮಲ್ಲಪ್ಪ ಕಾರಿನ ಕಡೆ ಓಡಿದ. ಹೆಂಗಸರು ಅಡ್ಡ ನಿಂತರು. ಬೇರೆ ಕಡೆ ತಿರುಗಿದ. ಅಲ್ಲೂ ಹೆಂಗಸರು. ಮೂವತ್ತು ನಲವತ್ತು ಜನ. ವರ್ತುಲ ಸಣ್ಣದಾಗುತ್ತ ಬಂತು.

"ಪೊಲೀಸರಿಗೆ ಫೋನ್ ಮಾಡೀನಿ," ಎಂದಳು ಸಿದ್ಧಿ. "ಬೀಳಗಿಯಿಂದ ಬರಬೇಕು. ಸ್ವಲ್ಪ ಹೊತ್ತಾಗತೈತಿ."

ಗಿರಿಮಲ್ಲಪ್ಪ ಬೆವರಿದರೂ ಬುದ್ಧಿ ಬಿಡಲಿಲ್ಲ. ನನ್ನ ಕಡೆ ತಿರುಗಿದ.

"ಕಪಿಲ ಅವರ, ವ್ಯವಹಾರ ಮಾತಾಡೂಣು. ಕಡೀಲಾರದ ಇದ್ದವರಿಗೆ ರೊಕ್ಕಾ ಕೊಡೂದ ಟ್ರಸ್ಟಿನ ಸ್ಕೀಮು, ಹೌದಲ್ಲೋ? ಬಾಯ್ಲರಿನವ್ರು ಕೊಡೂವಷ್ಟು ನೀವ ಕೊಡ್ರಿ. ನಾಳಿಂದ ನಾನೂ ಕಡಿಯೂದಿಲ್ಲ!"

ತಾರವ್ವ ಬಗ್ಗಿ ತನ್ನ ಮನೆಯ ಕೊಡಲಿಯನ್ನು ಎತ್ತಿಕೊಂಡಳು. ಅಲುಗನ್ನು ಹೆಬ್ಬೆರಳಿಂದ ಸವರಿ ನೋಡಿದಳು. ಗಿರಿಮಲ್ಲಪ್ಪನನ್ನು ಕಾಲಿನಿಂದ ತಲೆಯವರೆಗೆ ಅಳೆದಳು.

"ಪೊಲೀಸರನ್ನ ಲಗೂ ಬರ್ರಿ ಅನ್ರೀ ಮೇಡಮ್ಮಾ!" ಗಿರಿಮಲ್ಲಪ್ಪನೇ ಕೂಗಿದ.

ತಾರವ್ವ ನನ್ನನ್ನು ಕೇಳಿದಳು. "ಇಂವನ್ನ ಕಡೀಲಾರದ ಬಿಟ್ರ ಟ್ರಸ್ಟಿನವ್ರು ನಮಗ ಏನರ ಕೊಡ್ತಾರೇನೋ ತಮ್ಮಾ?"

"ಇಲ್ಲ ತಾರವ್ವಾ," ಎಂದೆ. "ಆ ಸ್ಕೀಮು ಬರೇ ಮರಕ್ಕಷ್ಟ ಐತಿ."