ಆರು ನಿಮಿಷದ ಮೌನ

ಪಿಟಿ ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದರೆ ಒಂದು ಸೆಕೆಂಡೂ ಆಚೀಚೆ ಆಗುವಂತಿಲ್ಲ. ಅಂಥವರು ಪರದೇಶದ ಯುದ್ಧ ಸ್ಮಾರಕದಲ್ಲಿ ಎರಡು ನಿಮಿಷದ ಮೌನವನ್ನು ಆರು ನಿಮಿಷ ಎಳೆದುಬಿಟ್ಟರು. ಮುಗಿಯಿತೆಂದು ಹೇಳಬೇಕಾದವರೇ ಅವರು. ಪ್ರವಾಸಕ್ಕೆ ಬಂದ ನಲವತ್ತು ಮಕ್ಕಳು ಕಾಲು ಬದಲಿಸುತ್ತಾ ನಿಂತರು. ಹೂಗುಚ್ಛ ಹಿಡಿದ ಹುಡುಗಿ ಅದನ್ನು ಎಡಗೈಗೆ ದಾಟಿಸಿಕೊಂಡಳು. ಕೊನೆಗೆ ಹಿಸ್ಟರಿ ಮಿಸ್ಸೇ ಕೆಮ್ಮಿದರು.

"ಏನ್ ಸರ್, ನಿಂತಲ್ಲೇ ನಿದ್ದೆ ಬಂತಾ?" ಬಸ್ ಹತ್ತುವಾಗ ಮಿಸ್ ಸಿಡುಕಿದರು. "ಮಧ್ಯಾಹ್ನ ಬಂಡೆ ಹತ್ತೋದರ ಮೇಲೇ ಧ್ಯಾನ ಅಲ್ವಾ ನಿಮಗೆ?"

ಮೇಷ್ಟ್ರು ಮಕ್ಕಳ ತಲೆ ಎಣಿಸತೊಡಗಿದರು.

ಮಿಸ್ಸಿನ ಸಿಟ್ಟಿಗೆ ಕಾರಣ ಬೇರೆಯೇ ಇತ್ತು ಅನ್ನಿ. ಹೊರಡುವ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಮಕ್ಕಳ ಪಾಸ್‌ಪೋರ್ಟ್ ಜೋಡಿಸುತ್ತಾ ಮೇಷ್ಟ್ರು, "ನನ್ನ ಮದುವೆ ಆಗ್ತೀರಾ?" ಅಂತ ಕೇಳಿದ್ದರು. "ಪ್ರವಾಸ ಮುಗಿಯೋದರೊಳಗೆ ಹೇಳ್ತೀನಿ" ಅಂದಿದ್ದರು ಮಿಸ್. ನಾಳೆ ವಾಪಸ್ ವಿಮಾನ. ಮಿಸ್ಸಿನ ಮನಸ್ಸು ಎಂದೋ ಒಪ್ಪಿತ್ತು, ಭಯ ಬಿಡುತ್ತಿರಲಿಲ್ಲ. ಅಪ್ಪ ಸೈನಿಕ. ಮಿಸ್ ಮೂರನೇ ಕ್ಲಾಸಿನಲ್ಲಿದ್ದಾಗ ಯುದ್ಧಕ್ಕೆ ಹೋದವರು ಮತ್ತೆ ಬರಲಿಲ್ಲ. ಅಮ್ಮ ಇಂದಿಗೂ ಗೇಟು ಸದ್ದಾದರೆ ಒಲೆ ಬಿಟ್ಟು ಓಡಿ ಬರುತ್ತಾಳೆ. ನಿನ್ನೆ ಹೊಳೆ ಈಜೋದು, ಇವತ್ತು ಬಂಡೆ ಹತ್ತೋದು ಅಂತ ಜೀವದ ಜೊತೆ ಆಟವಾಡುವ ಗಂಡಸನ್ನು ಕಟ್ಟಿಕೊಂಡು ತಾನೂ ಅಮ್ಮನ ಹಾಗೆ ಕಾಯಬೇಕೇ?

ಬಂಡೆಯ ಬುಡದಲ್ಲಿ ಮೇಷ್ಟ್ರು ಒಬ್ಬೊಬ್ಬರ ಸೊಂಟದ ಹಗ್ಗದ ಗಂಟನ್ನೂ ಮೂರು ಮೂರು ಸಲ ಎಳೆದು ನೋಡಿದರು. "ಸರ್, ಇಲ್ಲೇ ಸಂಜೆ ಆಗೋಗುತ್ತೆ" ಅಂತ ಮಕ್ಕಳು ಗೋಳಾಡಿದ್ದಕ್ಕೆ ನಾಲ್ಕನೇ ಸಲ ಎಳೆದರು. ಮೊದಲ ಹುಡುಗಿ ಹತ್ತತೊಡಗಿದಳು. ಮೇಷ್ಟ್ರು ಅವಳ ಹಗ್ಗ ಹಿಡಿದು ಕೆಳಗೆ ನಿಂತರು.

"ಇಷ್ಟೊಂದು ಹೆದರಿಕೇನಾ ನಿಮಗೆ?" ಮಿಸ್ ಹತ್ತಿರ ಬಂದರು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ಮತ್ತೆ? ಯಾರೋ ಹೆತ್ತ ಮಕ್ಕಳು." ಮೇಷ್ಟ್ರ ಕಣ್ಣು ಹುಡುಗಿಯ ಮೇಲಿಂದ ಕದಲಲಿಲ್ಲ. "ಬೆಳಿಗ್ಗೆ ಸ್ಮಾರಕದಲ್ಲಿ ನನ್ನೆದುರಿನ ಕಲ್ಲಲ್ಲಿ ಒಬ್ಬ ಸೈನಿಕನ ಹೆಸರು, ಹತ್ತೊಂಬತ್ತು ವರ್ಷ ಅಂತ ಬರೆದಿತ್ತು ಮಿಸ್. ಇವನ ತಾಯಿ ಎಷ್ಟು ದಿನ ಬಾಗಿಲು ನೋಡಿರ್ಬೇಕು ಅಂತ ಯೋಚನೆ ಹತ್ತಿತು. ಆಮೇಲೆ ನೀವು ಹೇಳಿದ್ದ ನಿಮ್ಮಮ್ಮನ ಕಥೆ ನೆನಪಾಯ್ತು. ಟೈಮ್ ನೋಡೋದೇ ಮರೆತೆ."

ಹಗ್ಗ ಇನ್ನಷ್ಟು ಬಿಗಿ ಮಾಡಿ ಅಂದರು, "ನೀವ್ಯಾಕೆ ಹೂಂ ಅಂತಿಲ್ಲ ಅಂತ ಆಗ ಅರ್ಥ ಆಯ್ತು. ಉತ್ತರ ಬೇಡ ಬಿಡಿ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲದವರ ಕಿವಿ ಹಾಗೆ ಕೆಂಪಾಗುವುದಿಲ್ಲ. ಮಿಸ್ ಆ ಕಿವಿಯನ್ನೇ ನೋಡುತ್ತಾ ನಿಂತರು. ಇಷ್ಟು ದಿನ ಈ ಮನುಷ್ಯನನ್ನು ಹೆದರಿಕೆಯೇ ಗೊತ್ತಿಲ್ಲದ ಹುಂಬ ಅಂದುಕೊಂಡಿದ್ದರಲ್ಲ, ತಮ್ಮ ಮೇಲೇ ನಾಚಿಕೆಯಾಯಿತು.

"ಬೇಡ ಅನ್ನೋಕೆ ನೀವ್ಯಾರು? ಉತ್ತರ ನಂದು. ನನ್ನ ಭಯ ಹೋಗಿಲ್ಲ, ಹೋಗೋದೂ ಇಲ್ಲ. ನೀವು ಲೇಟಾದ ದಿನ ಹತ್ತು ಸಲ ಫೋನ್ ಮಾಡ್ತೀನಿ, ಬಂದ ಮೇಲೆ ಬೈತೀನಿ. ಅದಕ್ಕೆ ಒಪ್ಪಿಗೆ ಇದ್ರೆ, ಹೂಂ."

ಮೇಷ್ಟ್ರ ಎರಡೂ ಕೈಯಲ್ಲಿ ಹಗ್ಗ. ಕಣ್ಣು ತುಂಬಿದರೂ ಒರೆಸಿಕೊಳ್ಳುವಂತಿಲ್ಲ. ಮಿಸ್ಸೇ ಕರ್ಚೀಫ್ ತೆಗೆದು ಒರೆಸಿದರು. ಮಕ್ಕಳೆಲ್ಲ ನೋಡುತ್ತಿದ್ದರು, ನೋಡಲಿ ಬಿಡಿ.