ಸಪ್ಪಲಮ್ಮನೂ ಕಂಪ್ಯೂಟರೂ

"ಚಪ್ಪಲಿ ಬಿಟ್ಟೇ ಒಳಗೆ ಹೋಗ್ಬೇಕು ಕಣೇ! ಒಳಗೆಲ್ಲ ತಣ್ಣಗಿರುತ್ತೆ. ನಮ್ಮಂಥೋರನ್ನ ಬಿಡೋದೇ ಇಲ್ಲ. ಕಿಟಕೀಲಿ ಕಾರ್ಡ್ ಕೊಟ್ಟು ಆಚೆ ಕಾಯ್ತಿರ್ಬೇಕು" ಎಂದ ಆವಲಪ್ಪ ಮಾವ.

ಮಾವ ಹೇಳುತ್ತಿದ್ದುದು ದೇವಸ್ಥಾನದ ವಿಷಯವಲ್ಲ. ಬೆಂಗಳೂರಿನ ಅವನ ಫ್ಯಾಕ್ಟರಿಗೆ ಹೊಸದಾಗಿ ಬಂದಿರುವ ಕಂಪ್ಯೂಟರ್ ವಿಷಯ. ಅದು ಬೀರುವಿನಷ್ಟು ದೊಡ್ಡ ಮೆಷಿನ್ನಂತೆ. ಲೆಕ್ಕವನ್ನು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಹಾಕಿದರೆ ಉತ್ತರ ಕೊಡುತ್ತಂತೆ. ಪಿಳ್ಳಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಾ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು.

"ಅದಕ್ಕೆ ಎಲ್ಲಾ ಗೊತ್ತಾ ಮಾವ?"

"ಈಗ ಬರೀ ಲೆಕ್ಕ. ಮುಂದೆ ಮನುಷ್ಯರನ್ನೇ ಮೀರಿಸೋ ಕಂಪ್ಯೂಟರ್ ಬರುತ್ತಂತೆ. ಅದಕ್ಕೆ ಗೊತ್ತಿಲ್ಲ ಅನ್ನೋದೇ ಇರಲ್ವಂತೆ. ನಮ್ಮ ಸಾಹೇಬ್ರು ಹೇಳಿದ್ರು."

"ಹಂಗಾದ್ರೆ ಅದೂ ದೇವ್ರೇನಾ?"

ಮುಂದೆ ಹೋಗುತ್ತಿದ್ದ ಅಜ್ಜಿ ಅಕ್ಕಯಮ್ಮ ಗಕ್ಕನೆ ನಿಂತಳು.

"ಏನು ಮಾತು ಅಂತ ಆಡ್ತೀಯೇ! ನಾನು ಬೈದ್ರೆ ಅದು ಕೇಳಿಸ್ಕೊಳ್ತದಾ?"

"ಬೈದ್ರೆ ವಾಚ್‌ಮನ್ ಬಂದು ಆಚೆ ಹಾಕ್ತಾನೆ ಅತ್ತೆ."

"ನೋಡ್ದಾ ಮತ್ತೆ!" ಅಜ್ಜಿ ಗೆದ್ದವಳಂತೆ ಮುಂದೆ ನಡೆದಳು.

ಪಿಳ್ಳಮ್ಮನಿಗೆ ನಗು ಬರಲಿಲ್ಲ. ಅವಳು ಏಳನೇ ಕ್ಲಾಸ್ ಪಾಸಾಗಿದ್ದಳು. ಊರಲ್ಲಿ ಹೈಸ್ಕೂಲ್ ಇಲ್ಲ. ಓದಬೇಕೆಂದರೆ ದೊಡ್ಡಬಳ್ಳಾಪುರಕ್ಕೆ ಹೋಗಿ ಅಲ್ಲೇ ಇರಬೇಕು. ಅಪ್ಪ ಗೋಪಾಲಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಸಪ್ಪಲಮ್ಮ ಹೆಂಗಂತಾಳೋ ಹಂಗೆ" ಎಂದುಬಿಟ್ಟಿದ್ದ. ಅದಕ್ಕೇ ಮನೆಯವರೆಲ್ಲ ಆ ಊರದೇವತೆಯ ಗುಡಿಗೆ ಹೂವಿನ ಪ್ರಸಾದ ಕೇಳಲು ಹೊರಟಿದ್ದರು.

ಎಲ್ಲಾ ಗೊತ್ತಿರೋ ಆ ಕಂಪ್ಯೂಟರ್ ಇವತ್ತೇ ಇದ್ದಿದ್ದರೆ! ತನ್ನ ಮಾರ್ಕ್ಸ್ ನೋಡಿದ ತಕ್ಷಣ "ಕಳಿಸಿ" ಅಂತಿತ್ತು. ಸಪ್ಪಲಮ್ಮನಿಗೆ ಮಾರ್ಕ್ಸ್ ತೋರಿಸಿದವರು ಯಾರು?

ಗುಡಿಯಲ್ಲಿ ಪೂಜಾರಿ ಕೊಂಡಪ್ಪ ಎರಡು ಹೂವನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸಿದ. ಬಲಗಡೆ ಹೂವು ಬಿದ್ದರೆ ಆಗಲಿ ಅಂತ. ಎಡಗಡೆಯದು ಬಿದ್ದರೆ ಬೇಡ ಅಂತ.

"ತಾಯೀ, ಹುಡುಗೀನ ದೊಡ್ಡಬಳ್ಳಾಪುರದ ಸ್ಕೂಲಿಗೆ ಕಳಿಸ್ಲಾ?" ಅಜ್ಜಿ ಕೈಮುಗಿದು ಕೇಳಿದಳು.

ಎಲ್ಲರ ಕಣ್ಣೂ ಹೂವಿನ ಮೇಲೆ. ಬಿತ್ತು. ಎಡಗಡೆಯದು.

ಪಿಳ್ಳಮ್ಮನ ಕಣ್ಣು ತುಂಬಿಕೊಂಡಿತು.

"ಮುಗೀತಲ್ಲ, ನಡೀರಿ" ಎಂದ ಅಪ್ಪ.

"ಎಲ್ಲಿ ಮುಗೀತು? ಸುಮ್ಕಿರೋ!" ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ದೇವಿಯ ಕಡೆ ತಿರುಗಿದಳು. "ಏನಮ್ಮಾ ನೀನು? ಹೋದ ಮಂಗಳವಾರ ತಂಬಿಟ್ಟು ತಿಂದೆ, ಹೊಸ ಸೀರೆ ಉಟ್ಕೊಂಡೆ. ಈಗ ನಮ್ ಮಗೂನ ಅಳಿಸ್ತೀಯಾ? ಒಬ್ಬಳನ್ನೇ ಕಳಿಸ್ಬೇಡ ಅಂತ ತಾನೇ ನಿನ್ನ ಮಾತು? ಸರಿ. ನಾನೂ ಜೊತೇಲಿ ಹೋಗಿ ಇರ್ತೀನಿ. ರೂಮ್ ಮಾಡ್ಕೊಂಡು ಅನ್ನ ಮುದ್ದೆ ಬೇಯ್ಸಾಕ್ತೀನಿ. ಈಗ ಹೇಳು!"

ಕೊಂಡಪ್ಪ ನಗು ತಡೆದುಕೊಂಡು ಬೇರೆ ಹೂವು ಅಂಟಿಸಿದ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ದೇವಿಯನ್ನೇ ನೋಡುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಬಲಗಡೆ ಹೂವು ಜಾರಿ ಕೆಳಗೆ ಬಿತ್ತು.

ಅಪ್ಪ ಒಂದು ಸಲ ದೇವಿಯನ್ನೂ ಒಂದು ಸಲ ಅಜ್ಜಿಯನ್ನೂ ನೋಡಿ, "ಆಯ್ತವ್ವಾ" ಎಂದ.

ವಾಪಸ್ಸು ಬರುವಾಗ ಪಿಳ್ಳಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಾವ ಮೆಲ್ಲಗೆ ಹೇಳಿದ: "ಒಂದೇ ಕಾರ್ಡನ್ನ ಎಷ್ಟು ಸಲ ಹಾಕಿದ್ರೂ ಮೆಷಿನ್ ಅದೇ ಉತ್ತರ ಕೊಡುತ್ತೆ. ನಿಮ್ಮಜ್ಜಿ ಕಾರ್ಡನ್ನೇ ಬದಲಾಯಿಸ್ಬಿಟ್ರು ಕಣೇ!"

"ಮುಂದೆ ಬರೋ ಕಂಪ್ಯೂಟರನ್ನೂ ಅಜ್ಜಿ ಒಂದ್ಸಲ ಬೈಲಿ ಮಾವ. ಆಮೇಲೆ ನೋಡೋಣ, ಅದು ದೇವ್ರೋ ಅಲ್ವೋ ಅಂತ."

ಮಾವ ಜೋರಾಗಿ ನಕ್ಕ.

ಅಷ್ಟರಲ್ಲಿ ಅಜ್ಜಿ ಬೇಲಿಯ ಪಕ್ಕ ನಿಂತು ಒಂದು ನಿಂಬೆಕಾಯಿ ಕಿತ್ತು ಮೂಗಿನ ಹತ್ತಿರ ಹಿಡಿದುಕೊಂಡಳು.

"ಅದ್ಯಾಕಜ್ಜಿ?"

"ಬಸ್ಸಿಗೆ ಕಣೇ. ಈಗ್ಲಿಂದಲೇ ಅಭ್ಯಾಸ ಆಗ್ಲಿ."

ಆಗ ಪಿಳ್ಳಮ್ಮನಿಗೆ ನೆನಪಾಯಿತು. ಅಜ್ಜಿಗೆ ಬಸ್ಸು ಹತ್ತಿದರೆ ವಾಂತಿ. ಆ ಭಯಕ್ಕೇ ಸ್ವಂತ ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ.

ಪಿಳ್ಳಮ್ಮ ಓಡಿಹೋಗಿ ಅಜ್ಜಿಯ ಕೈ ಹಿಡಿದುಕೊಂಡಳು.

"ಕಿಟಕಿ ಪಕ್ಕದ ಸೀಟು ನಿಂಗೇ ಅಜ್ಜಿ" ಎಂದಳು.